ಛಾಯಾಗ್ರಾಹಕನ ಕಸುಬೂ ಕಾಣ್ಕೆಯೂ

ಛಾಯಾಚಿತ್ರಕಲೆಯಲ್ಲಿ ಆಸಕ್ತಿ ತಳೆದ ಎಳೆಯರು ಹಿರಿಯರ ಮುಂದಿಡುವ ಪ್ರಶ್ನೆ ಈಚಿನ ವರ್ಷಗಳಲ್ಲಿ ಬದಲಾಗಿದೆ. ಬೆಳಕನ್ನು ಅಳೆಯುವುದು ಹೇಗೆ, ಯಾವ ಕೆಲಸಕ್ಕೆ ಯಾವ ಲೆನ್ಸು ತಕ್ಕದು ಎಂದು ಮೊದಲು ಕೇಳುತ್ತಿದ್ದರು. ಈಗ ತಮ್ಮದೇ ಆದ ಒಂದು ಶೈಲಿಯನ್ನು ಬೇಗನೆ ಪಡೆಯುವುದು ಹೇಗೆ ಎಂದು ಕೇಳುತ್ತಾರೆ. ಪ್ರಶ್ನೆಯೇನೋ ಸಾಧುವಾದುದೇ, ಅದಕ್ಕೆ ಪೇಟೆಯಲ್ಲಿ ದೊರೆಯುವ ಉತ್ತರ ಮಾತ್ರ ಸಾಧುವಾದುದಲ್ಲ. ಚಿತ್ರಕ್ಕೆ ಹಳೆಯ ಫಿಲ್ಮಿನ ಮಸುಕನ್ನೋ ಸಂಜೆಯ ಹೊಂಬಣ್ಣವನ್ನೋ ಕ್ಷಣಾರ್ಧದಲ್ಲಿ ಲೇಪಿಸಿಕೊಡುವ ಫಿಲ್ಟರುಗಳು ಇಂದು ಮಾರಾಟಕ್ಕಿವೆ, ಮತ್ತು ಒಬ್ಬರು ಕೊಂಡದ್ದನ್ನೇ ಸಾವಿರಾರು ಜನರು ಕೊಳ್ಳುತ್ತಾರಾದ್ದರಿಂದ, ತನ್ನತನವನ್ನು ಅರಸಿ ಹೊರಟವರೆಲ್ಲರ ಚಿತ್ರಗಳೂ ಕಡೆಗೆ ಒಂದೇ ಬಣ್ಣದಲ್ಲಿ ಅದ್ದಿ ತೆಗೆದಂತೆ ಕಾಣುತ್ತವೆ. ತಾನು ಮನಸಾರೆ ಒಲಿದ ವಿಷಯವೊಂದಕ್ಕೆ ನ್ಯಾಯ ಸಲ್ಲಿಸಬೇಕೆಂದು ವರ್ಷಗಟ್ಟಲೆ ಕಸುಬನ್ನು ದುಡಿಸಿಕೊಂಡವರ ಚಿತ್ರಗಳಲ್ಲಿ ಶೈಲಿ ತಾನಾಗಿ ಮೂಡುತ್ತದೆಯೇ ಹೊರತು, ಅದನ್ನೇ ಗುರಿಯಾಗಿಟ್ಟುಕೊಂಡು ಹೊರಟವರಿಗೆ ಅದು ದಕ್ಕುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಸುಬೆಂದರೇನೆಂಬುದನ್ನು ಒಂದು ನಿದರ್ಶನದಿಂದ ಪರಿಶೀಲಿಸೋಣ. ನಾಟಿಯಾದ ಗದ್ದೆಯಲ್ಲಿ ಬೆಳ್ಳಕ್ಕಿಯೊಂದು ನಿಂತಿದೆ. ಕ್ಯಾಮೆರಾದ ಸಾಮಾನ್ಯ ಬೆಳಕುಮಾಪಕಕ್ಕೆ ಹಕ್ಕಿಯೆಂದೂ ಪೈರೆಂದೂ ಭೇದವಿಲ್ಲ. ಎದುರಿಗಿರುವುದೆಲ್ಲವನ್ನೂ ಒಟ್ಟಾರೆ ನಡುವಣ ಬೂದು ಬಣ್ಣದ್ದೆಂದು, ಅಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಪ್ರತಿಫಲಿಸುವಂಥದ್ದೆಂದು ಭಾವಿಸಿ ಅದು ಲೆಕ್ಕ ಕಟ್ಟುತ್ತದೆ. ಹಕ್ಕಿ ದೂರದಲ್ಲಿದ್ದು, ಚೌಕಟ್ಟಿನ ಬಹುಭಾಗವನ್ನು ಕಡುಹಸಿರೂ ಕೆಸರುನೀರೂ ಆವರಿಸಿದ್ದರೆ, ಮಾಪಕವು ಆ ಕಪ್ಪನ್ನು ಬೂದಿನ ಮಟ್ಟಕ್ಕೆ ಏರಿಸಲೆಂದು ಬೆಳಕನ್ನು ಧಾರಾಳವಾಗಿ ಒಳಬಿಡುತ್ತದೆ. ಆಗ ಗರಿಯ ಎಳೆಗಳೆಲ್ಲ ಕರಗಿ ಹಕ್ಕಿಯಿದ್ದ ಕಡೆ ಬಿಳಿಯ ಕಲೆಯೊಂದೇ ಉಳಿಯುತ್ತದೆ. ಅದೇ ಹಕ್ಕಿ ಸಮೀಪಕ್ಕೆ ಬಂದು ಚೌಕಟ್ಟನ್ನು ತುಂಬಿತೆನ್ನಿ, ಮಾಪಕವು ಆ ಬಿಳುಪನ್ನು ಕೆಳಗಿಳಿಸಿ ಮಾಸಿದ ಪಂಚೆಯಂತೆ ಮಾಡಿಬಿಡುತ್ತದೆ. ಮೊದಲನೆಯ ಸಂದರ್ಭದಲ್ಲಿ ಬೆಳಕನ್ನು ಒಂದು ಸ್ಟಾಪ್‌ನಷ್ಟಾದರೂ ತಗ್ಗಿಸಬೇಕು, ಎರಡನೆಯದರಲ್ಲಿ ಅಷ್ಟೇ ಏರಿಸಬೇಕು. ಇದನ್ನರಿಯದವರು ಯಂತ್ರದ ತೀರ್ಮಾನಕ್ಕೆ ತಲೆಬಾಗದೆ ವಿಧಿಯಿಲ್ಲ. ಅರಿತವರಿಗಾದರೋ ಆ ಬಿಳುಪು ಎಷ್ಟು ಉಜ್ಜ್ವಲವಾಗಿರಬೇಕು, ಗರಿ ಎಷ್ಟು ಸ್ಫುಟವಾಗಿರಬೇಕು, ಗದ್ದೆ ಎಷ್ಟು ಕಪ್ಪಿನೊಳಗೆ ಮುಳುಗಬೇಕು ಎಂದು ನಿಶ್ಚಯಿಸುವ ಸ್ವಾತಂತ್ರ್ಯವುಂಟು. ಈ ಸ್ವಾತಂತ್ರ್ಯವೇ ಇಲ್ಲದ ಕಡೆ ಶೈಲಿಯ ಮಾತೆಲ್ಲಿಂದ ಬಂದೀತು? ಕಾವ್ಯಕ್ಕೆ ಕಾರಣವನ್ನು ವಿಚಾರಿಸಿದ ನಮ್ಮ ಆಲಂಕಾರಿಕರು ಪ್ರತಿಭೆಯೊಡನೆ ವ್ಯುತ್ಪತ್ತಿಯನ್ನೂ ಅಭ್ಯಾಸವನ್ನೂ ಸೇರಿಸಿ ಹೇಳಿದುದು ಇಲ್ಲಿಗೂ ಪೂರ್ಣವಾಗಿ ಸಲ್ಲುತ್ತದೆ.

ನಿಯಮಗಳನ್ನು ಕಲಿತಷ್ಟೂ ಸ್ವಂತಿಕೆ ಬತ್ತುತ್ತದೆಯೆಂದು ಆಕ್ಷೇಪಿಸುವವರುಂಟು. ಅವರು ಸಾಮಾನ್ಯವಾಗಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ಹೆಸರನ್ನು ಎತ್ತುತ್ತಾರೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈ ಮಹಿಳೆಗೆ, ಇಂಗ್ಲೆಂಡಿನಲ್ಲಿ ನೆಲಸಿದ್ದಾಗ, 48ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಕ್ಯಾಮೆರಾವೊಂದನ್ನು ಕಾಣಿಕೆಯಾಗಿ ಕೊಟ್ಟರು. ಅವರು ತೆಗೆದ ಮುಖಚಿತ್ರಗಳು ಮಬ್ಬಾಗಿವೆಯೆಂದು ಅಂದಿನ ವಿಮರ್ಶಕರು ಕಟುವಾಗಿ ಟೀಕಿಸಿದರು. ಮೊದಮೊದಲು ಆ ಮಬ್ಬು ಆಕಸ್ಮಿಕವೇ ಆಗಿತ್ತೆಂದು ಅವರೇ ಬರೆದಿಟ್ಟಿದ್ದಾರೆ. ಆದರೆ ಅನಂತರ ನಡೆದುದನ್ನು ಗಮನಿಸಬೇಕು: ಗಾಜಿನ ಹಲಗೆಗೆ ಕೊಲೋಡಿಯನ್ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಆ ಕಠಿನವಾದ ವಿಧಾನವನ್ನು ಅವರು ಪಟ್ಟುಹಿಡಿದು ಕಲಿತರು, ಕಲಿತಮೇಲೆಯೂ, ಎದುರಿಗಿನ ಮುಖ ತಮಗೆ ಎಲ್ಲಿ ಸುಂದರವಾಗಿ ತೋರಿತೋ ಅಲ್ಲಿಯೇ ಲೆನ್ಸನ್ನು ನಿಲ್ಲಿಸಿದರು. ಆಕಸ್ಮಿಕವಾಗಿ ಒದಗಿದುದನ್ನು ಅವರು ತಿಳಿದು ಆರಿಸಿಕೊಂಡರು, ಆರಿಸಿಕೊಂಡುದನ್ನು ಟೀಕೆಯ ನಡುವೆಯೂ ಬಿಡದೆ ನಡೆಸಿದರು. ಇದು ಕಸುಬನ್ನು ತೊರೆದವರ ಕಥೆಯೆಂದು ನನಗೆ ತೋರುವುದಿಲ್ಲ.

ನಮ್ಮ ನಾಡಿನಲ್ಲಿಯೇ ಇಬ್ಬರನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ಪತ್ರಿಕೆಗಳಿಗಾಗಿಯೂ ಯುನಿಸೆಫ್‌ನಂಥ ಸಂಸ್ಥೆಗಳಿಗಾಗಿಯೂ ದೇಶವನ್ನೆಲ್ಲ ಸುತ್ತಿದವರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದುವು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿ ದುಡಿದವರು, ಅದರೊಡನೆಯೇ ಕಾಡಿನ ಮೃಗಗಳನ್ನು ಚಿತ್ರಿಸಿದವರು. ಇಬ್ಬರ ಹೆಸರಾಂತ ಚಿತ್ರಗಳೂ ಕಪ್ಪುಬಿಳುಪಿನವು. ಕತ್ತಲೆಕೋಣೆಯ ಡೆವಲಪರ್, ಹೈಪೊಗಳ ರಸಾಯನ ಒಂದೇ. ಹಾಗಿದ್ದೂ ಒಬ್ಬರ ಚಿತ್ರವನ್ನು ಇನ್ನೊಬ್ಬರದೆಂದು ಯಾರೂ ಭ್ರಮಿಸಲಾರರು. ಘೋರ್ಪಡೆಯವರಲ್ಲಿ ಬಿಸಿಲೂ ನೆರಳೂ ಮೃಗದಷ್ಟೇ ಮುಖ್ಯವಾದ ಪಾತ್ರಗಳು. ಕಾಡಿನ ಗಾಂಭೀರ್ಯವನ್ನು ತೋರುವುದಕ್ಕಾಗಿ ಅವರು ಮೃಗದ ಸುತ್ತ ವಿಸ್ತಾರವಾದ ಎಡೆಯನ್ನು ಬಿಡಬಲ್ಲರು. ಸತ್ಯನ್ನರಾದರೋ ಬೆಳಕಿನ ಚಮತ್ಕಾರವನ್ನು ಬದಿಗಿರಿಸಿ ಮನುಷ್ಯನ ಹತ್ತಿರಕ್ಕೆ ಸಾಗುತ್ತಾರೆ. ಕೆಲಸದಲ್ಲಿ ಮಗ್ನರಾದವರನ್ನು, ಆಟದಲ್ಲಿ ಮೈಮರೆತ ಮಕ್ಕಳನ್ನು, ಬಡವರ ಘನತೆಗೆ ಕುಂದು ಬಾರದಂತೆ ಕಾಣುತ್ತಾರೆ. ಈ ವ್ಯತ್ಯಾಸಕ್ಕೆ ಮೂಲ ಉಪಕರಣದಲ್ಲಿಲ್ಲ, ಅವರವರ ಒಲವಿನಲ್ಲಿದೆ.

ಇಷ್ಟನ್ನು ಒಪ್ಪುವುದಾದರೆ, ನಾವು ಎಳೆಯರನ್ನು ಬೆಳೆಸುತ್ತಿರುವ ಕ್ರಮವನ್ನು ಪರಾಮರ್ಶಿಸಬೇಕಾಗುತ್ತದೆ. ಛಾಯಾಚಿತ್ರ ಸಂಘಗಳು ಏರ್ಪಡಿಸುವ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಬಿಡಿಯಾಗಿ ನೋಡಿ ಅಂಕ ಕೊಡುತ್ತಾರೆ. ಕ್ಷಣಮಾತ್ರದ ದರ್ಶನದಲ್ಲಿ ಗೆಲ್ಲುವುದು ಬೆರಗುಗೊಳಿಸುವ ಚಿತ್ರವೇ ಆದುದರಿಂದ, ಒಮ್ಮೆ ಗೆದ್ದ ಚಿತ್ರದ ಮಾದರಿಯನ್ನು ಮುಂದಿನ ವರ್ಷ ಹತ್ತಾರು ಮಂದಿ ಅನುಸರಿಸುತ್ತಾರೆ. ರಂಗನತಿಟ್ಟಿನಲ್ಲಿಯೂ ಕಬಿನಿಯ ಹಿನ್ನೀರಿನಲ್ಲಿಯೂ ದುಬಾರಿ ಲೆನ್ಸುಗಳು ಸಾಲಾಗಿ ಒಂದೇ ಹಕ್ಕಿಯತ್ತ ಮುಖಮಾಡಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಈ ಶ್ರದ್ಧಾವಂತರ ಪರಿಶ್ರಮದ ಬಗೆಗೆ ನನಗೆ ಗೌರವವಿದೆ. ಅದು ವ್ಯಯವಾಗುತ್ತಿರುವ ದಾರಿಯನ್ನು ಕಂಡು ವ್ಯಥೆಯಾಗುತ್ತದೆ.

ಸಂಘಗಳು ತಮ್ಮ ಪ್ರಶಸ್ತಿಗಳಲ್ಲಿ ಒಂದನ್ನಾದರೂ, ಒಂದೇ ವಿಷಯವನ್ನು ವರ್ಷವಿಡೀ ಅನುಸರಿಸಿ ತೆಗೆದ ಹತ್ತು ಹನ್ನೆರಡು ಚಿತ್ರಗಳ ಗುಚ್ಛಕ್ಕೆ ಮೀಸಲಿಡಲಿ. ವಿಷಯ ದೂರದ್ದಾಗಬೇಕಿಲ್ಲ: ತನ್ನೂರಿನ ವಾರದ ಸಂತೆ, ಮಗ್ಗದ ಮನೆ, ಬಸ್ ನಿಲ್ದಾಣದ ಮುಂಜಾವು, ಯಾವುದಾದರೂ ಆದೀತು. ತೀರ್ಪುಗಾರರು ಅಂಕ ಕೊಟ್ಟು ಎದ್ದುಹೋಗದೆ, ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ತರಿಸಿಕೊಂಡು, ಸ್ಪರ್ಧಿಯನ್ನು ಎದುರಿಗೆ ಕೂರಿಸಿಕೊಂಡು, ಇಲ್ಲಿ ಬೆಳಕನ್ನು ಇಷ್ಟೇಕೆ ತಗ್ಗಿಸಿದೆ, ಅಲ್ಲಿ ಹಿಂದೆ ಸರಿದು ನಿಂತುದೇಕೆ ಎಂದು ವಿಚಾರಿಸಲಿ. ಪತ್ರಿಕೆಗಳ ಭಾನುವಾರದ ಪುರವಣಿಗಳು ಆಗಾಗ ಒಂದು ಪುಟವನ್ನು ಪೂರ್ತಿಯಾಗಿ ಒಬ್ಬರ ಇಂಥ ಚಿತ್ರಮಾಲೆಗೆ ಬಿಟ್ಟುಕೊಟ್ಟರೆ, ಓದುಗರೂ ಒಬ್ಬ ಛಾಯಾಗ್ರಾಹಕ ನೋಡುವ ಬಗೆಯನ್ನು ಇನ್ನೊಬ್ಬನದರೊಡನೆ ಹೋಲಿಸಿ ಅರಿಯಬಲ್ಲರು. ಸಭಾಂಗಣವೂ ತೀರ್ಪುಗಾರರೂ ಪುರವಣಿಯ ಪುಟವೂ ಈಗಾಗಲೇ ಇವೆ. ಬದಲಾಗಬೇಕಾದುದು ಸ್ಪರ್ಧೆಯ ನಿಯಮಾವಳಿಯ ಒಂದೆರಡು ಸಾಲುಗಳು ಮಾತ್ರ.