ಅಂಗಳದ ಗೆಳೆಯ: ಹನ್ನೊಂದನೆಯ ದಿನದ ಲೆಕ್ಕ



ಕಳೆದ ತಿಂಗಳು ಸಂಘದ ಸಭೆ ಮುಗಿದು ಚಹಾ ಕುಡಿಯುತ್ತ ನಿಂತಿದ್ದಾಗ ಆಕುರ್ಡಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ನಮ್ಮ ನಾಯಿ ಬೆದೆಗೆ ಬಂದು ಎಂಟು ದಿವಸ ಆಯ್ತು. ಹನ್ನೊಂದನೆಯ ದಿವಸ ಗಂಡಿನ ಹತ್ತಿರ ಬಿಡಬೇಕಂತಲ್ಲ, ಹೌದೇನ್ರಿ?” ಎಂದು ಪಿಸುಗುಟ್ಟಿದರು. ಮನೆಯ ಮಗಳ ಮದುವೆಯ ಮಾತಿಗೂ ಯಾರೂ ಇಷ್ಟು ಗುಟ್ಟು ಮಾಡುವುದಿಲ್ಲ! ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪ್ರಶ್ನೆ ಅವರೊಬ್ಬರದಾದರೂ ಉತ್ತರ ಹಲವರಿಗೆ ಬೇಕಾದದ್ದು. ಆದ್ದರಿಂದ ಈ ಸಲದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ನನ್ನದೇ ತಪ್ಪಿನ ಕಥೆ ಹೇಳಿಬಿಡುತ್ತೇನೆ. ಪ್ರಾಧಿಕರಣದ ನಮ್ಮ ಮನೆಯಲ್ಲಿ ಚಂಪಿ ಎಂಬ ಮುಧೋಳ ಹೆಣ್ಣುನಾಯಿ ಇತ್ತು. ಮೂರು ವರ್ಷ ತುಂಬಿದಾಗ ಒಮ್ಮೆ ಮರಿ ಹಾಕಿಸೋಣವೆಂದು ಮನೆಯವರೆಲ್ಲ ನಿಶ್ಚಯಿಸಿದೆವು. ನೆಲದ ಮೇಲೆ ರಕ್ತದ ಹನಿ ಕಂಡ ದಿನ ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಬಲ್ಲವರೊಬ್ಬರು ಹೇಳಿದಂತೆ ಹನ್ನೊಂದನೆಯ ದಿನ ಭೋಸರಿಯಲ್ಲಿದ್ದ ಗಂಡುನಾಯಿಯ ಮನೆಗೆ ಕರೆದೊಯ್ದೆವು. ಚಂಪಿ ಹಲ್ಲು ಕಿರಿದು ಕೂತೇಬಿಟ್ಟಿತು. “ಮೊದಲ ಸಲ ಹಾಗೇನೇ” ಎಂದರು. ನಾನೂ ಅದನ್ನೇ ನಂಬಿ ಅದರ ಕೊರಳು ಹಿಡಿದು ನಿಂತೆ. ಆ ದಿನವನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ನಾಯಿ ತನ್ನ ಭಾಷೆಯಲ್ಲಿ ‘ಇನ್ನೂ ಹೊತ್ತು ಬಂದಿಲ್ಲ’ ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ನಾನು ಕ್ಯಾಲೆಂಡರಿನ ಮಾತು ಕೇಳಿದೆ, ನಾಯಿಯ ಮಾತು ಕೇಳಲಿಲ್ಲ. ಕಥೆಯ ಉಳಿದ ಭಾಗ ಮುಂದೆ ಬರುತ್ತದೆ.

ಹನ್ನೊಂದನೆಯ ದಿನದ ಲೆಕ್ಕ ಎಲ್ಲಿಂದ ಬಂತು? ಪೂರಾ ಸುಳ್ಳಲ್ಲ, ಅದು ಸರಾಸರಿಯ ಲೆಕ್ಕ. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೊದಲ ಹಂತದಲ್ಲಿ ಯೋನಿಯ ತುಟಿ ಊದಿಕೊಂಡು ರಕ್ತಮಿಶ್ರಿತ ದ್ರವ ಹೋಗುತ್ತದೆ. ಗಂಡುನಾಯಿಗಳು ಹಿಂದೆ ಬೀಳುತ್ತವೆ, ಹೆಣ್ಣು ಮಾತ್ರ ಹತ್ತಿರ ಸೇರಿಸುವುದಿಲ್ಲ. ಇದು ಸರಾಸರಿ ಒಂಬತ್ತು ದಿನ. ಎರಡನೆಯ ಹಂತದಲ್ಲಿ ಹೆಣ್ಣು ತಾನೇ ಒಪ್ಪಿ ನಿಲ್ಲುತ್ತದೆ. ಇದೂ ಸರಾಸರಿ ಒಂಬತ್ತು ದಿನ. ಆದರೆ ಸರಾಸರಿ ಎಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ಒಂದೊಂದು ಹಂತವೂ ಕೆಲವು ನಾಯಿಗಳಲ್ಲಿ ಮೂರೇ ದಿನಕ್ಕೆ ಮುಗಿಯಬಹುದು, ಕೆಲವದರಲ್ಲಿ ಮೂರು ವಾರ ಎಳೆಯಬಹುದು. ಅದೇ ನಾಯಿಯಲ್ಲಿ ಒಂದು ಬೆದೆಗೂ ಇನ್ನೊಂದಕ್ಕೂ ವ್ಯತ್ಯಾಸ ಇರಬಹುದು. ಇನ್ನು ಕೆಲವು ನಾಯಿಗಳು ತಮ್ಮನ್ನು ತಾವೇ ನೆಕ್ಕಿ ಎಷ್ಟು ಶುಚಿಯಾಗಿಟ್ಟುಕೊಳ್ಳುತ್ತವೆಂದರೆ ನಾವು ಮೊದಲ ಹನಿ ನೋಡುವ ಹೊತ್ತಿಗೆ ನಾಲ್ಕು ದಿನ ಕಳೆದಿರುತ್ತವೆ. ಅಂದಮೇಲೆ ನಮ್ಮ ‘ಒಂದನೆಯ ದಿನ’ವೇ ಸಂಶಯದ್ದು.

ನಾಯಿಯ ದೇಹದಲ್ಲಿ ಇನ್ನೊಂದು ವಿಚಿತ್ರ ಇದೆ. ಬಹುತೇಕ ಪ್ರಾಣಿಗಳಲ್ಲಿ ಅಂಡಾಶಯದಿಂದ ಹೊರಬಿದ್ದ ಅಂಡ ಕೂಡಲೇ ಫಲಿಸಲು ಸಿದ್ಧವಾಗಿರುತ್ತದೆ. ನಾಯಿಯ ಅಂಡ ಕಾಯಿಯಾಗಿ ಹೊರಬಿದ್ದು, ನಂತರ ಎರಡು ಮೂರು ದಿನದಲ್ಲಿ ಮಾಗುತ್ತದೆ. ಅಡಿಗೆ ಹಾಕಿದ ಮಾವಿನಕಾಯಿಯನ್ನು ನೆನಪಿಸಿಕೊಳ್ಳಿ. ಮಾಗಿದ ಮೇಲೆ ಎರಡು ಮೂರು ದಿನ ಮಾತ್ರ ಅದರ ಆಯುಸ್ಸು. ಇದನ್ನು ಸರಿದೂಗಿಸಲು ಪ್ರಕೃತಿಯೇ ಒಂದು ಅನುಕೂಲ ಮಾಡಿಕೊಟ್ಟಿದೆ: ಆರೋಗ್ಯವಂತ ಗಂಡುನಾಯಿಯ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದಾರು ದಿನ ಬದುಕಿರಬಲ್ಲದು. ಆದ್ದರಿಂದಲೇ ಬೀದಿಯ ನಾಯಿಗಳಿಗೆ ಯಾವ ಪಂಚಾಂಗವೂ ಬೇಕಿಲ್ಲ. ಅವು ಹಲವು ದಿನ ಹಲವು ಸಲ ಕೂಡುತ್ತವೆ. ನಾವಾದರೋ ರಜೆ ನೋಡಿ, ರಿಕ್ಷಾ ಗೊತ್ತುಮಾಡಿ ಒಂದೇ ದಿನ ಕರೆದೊಯ್ಯುವವರು. ಆ ಒಂದು ದಿನ ಸರಿಯಾಗಿರಬೇಕು.

ಹಾಗಾದರೆ ಗುರುತಿಸುವುದು ಹೇಗೆ? ಮನೆಯಲ್ಲೇ ನೋಡಬಹುದಾದ ಮೂರು ಲಕ್ಷಣಗಳಿವೆ. ಗಾಢ ಕೆಂಪಾಗಿದ್ದ ದ್ರವ ತೆಳುವಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಗಟ್ಟಿಯಾಗಿ ಊದಿದ್ದ ಭಾಗ ಮೆತ್ತಗಾಗುತ್ತದೆ. ಬಾಲದ ಬುಡದ ಹತ್ತಿರ ಬೆನ್ನು ಸವರಿದರೆ ನಾಯಿ ಬಾಲವನ್ನು ಒಂದು ಪಕ್ಕಕ್ಕೆ ಸರಿಸಿ ಅಲುಗದೆ ನಿಲ್ಲುತ್ತದೆ. ಈ ಮೂರೂ ಕೂಡಿ ಬಂದರೆ ಹೊತ್ತು ಹತ್ತಿರವಾಯಿತೆಂದು ತಿಳಿಯಬಹುದು. ಆದರೆ ಕೆಲವು ನಾಯಿಗಳಲ್ಲಿ ಕೊನೆಯವರೆಗೂ ದ್ರವ ಕೆಂಪಾಗಿಯೇ ಇರುತ್ತದೆ. ಕೆಲವು ಅಂಡ ಬಿಡುಗಡೆಗೆ ಎಷ್ಟೋ ಮೊದಲೇ ಬಾಲ ಸರಿಸುತ್ತವೆ.

ಪಶುವೈದ್ಯರಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದು ಹತ್ತಿಕಡ್ಡಿಯಿಂದ ಯೋನಿಯ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬೆದೆಯ ಆರಂಭದಲ್ಲಿ ಕೋಶಗಳು ದುಂಡಗೆ ಇರುತ್ತವೆ, ಕಾಲ ಪಕ್ವವಾದಂತೆ ಚಪ್ಪಟೆಯಾಗಿ ಮೂಲೆ ಮೂಲೆಯಾಗುತ್ತವೆ. ನೂರಕ್ಕೆ ತೊಂಬತ್ತರಷ್ಟು ಹಾಗಾದರೆ ಎರಡನೆಯ ಹಂತ ಬಂದಿದೆ ಎಂದರ್ಥ. ಖರ್ಚು ಕಡಿಮೆ, ಆದರೆ ಅಂಡ ಬಿಡುಗಡೆಯಾದ ದಿನವನ್ನು ಇದು ಹೇಳಲಾರದು. ಎರಡನೆಯದು ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಅಳತೆ. ಬೆದೆಯ ಮೊದಲ ದಿನಗಳಲ್ಲಿ ಇದು ಮಿಲಿಲೀಟರಿಗೆ 1 ನ್ಯಾನೋಗ್ರಾಮಿಗಿಂತ ಕಡಿಮೆ. 2ರ ಆಸುಪಾಸಿಗೆ ಏರಿದರೆ ಅಂಡ ಬಿಡುಗಡೆಗೆ ಸುಮಾರು ಎರಡು ದಿನ ಇದೆ. 5ರ ಹತ್ತಿರ ಬಂದರೆ ಬಿಡುಗಡೆಯಾಗುತ್ತಿದೆ. ಅಲ್ಲಿಂದ ಎರಡು ದಿನ ಬಿಟ್ಟು ಕೂಡಿಸುವುದು, ಮತ್ತೆರಡು ದಿನಕ್ಕೆ ಇನ್ನೊಮ್ಮೆ ಕೂಡಿಸುವುದು ಉತ್ತಮ. ಒಂದೇ ಸಲದ ಅಳತೆಯಿಂದ ಪ್ರಯೋಜನ ಕಡಿಮೆ. ಐದಾರನೆಯ ದಿನದಿಂದ ಎರಡು ಮೂರು ದಿನಕ್ಕೊಮ್ಮೆ ನೋಡಿ ಏರಿಕೆಯನ್ನು ಹಿಡಿಯಬೇಕು. ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಏಕೆಂದರೆ ಯಂತ್ರ ಬದಲಾದರೆ ಅಂಕೆಯೂ ಅಷ್ಟಿಷ್ಟು ಬದಲಾಗುತ್ತದೆ.

ಪರೀಕ್ಷೆಯ ಖರ್ಚು ಬೇಡವೆನ್ನುವವರು ಹಳೆಯ ಪದ್ಧತಿಯನ್ನೇ ಹಿಡಿಯಬಹುದು. ಹೆಣ್ಣು ತಾನಾಗಿ ಒಪ್ಪಿದ ದಿನದಿಂದ ಒಂದು ದಿನ ಬಿಟ್ಟು ಒಂದು ದಿನ, ಅದು ಒಲ್ಲೆ ಎನ್ನುವವರೆಗೆ ಕೂಡಿಸುವುದು. ಹೆಣ್ಣನ್ನೇ ಗಂಡಿನ ಮನೆಗೆ ಕರೆದೊಯ್ಯಿರಿ. ಹೊಸ ಜಾಗದಲ್ಲಿ ಗಂಡು ಅಂಜುವುದುಂಟು. ಕೂಡಿದ ಮೇಲೆ ಎರಡೂ ಬೆನ್ನು ತಿರುಗಿಸಿ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ಗಂಟುಬಿದ್ದು ನಿಲ್ಲುತ್ತವೆ. ಅದು ಸಹಜ. ಆಗ ಎಳೆಯುವುದಾಗಲೀ ನೀರು ಎರಚುವುದಾಗಲೀ ಮಾಡಿದರೆ ಎರಡಕ್ಕೂ ಗಾಯವಾದೀತು. ಬೆದೆ ಪೂರಾ ಮುಗಿಯುವವರೆಗೆ ಹೆಣ್ಣನ್ನು ಬಿಗಿಯಾಗಿ ಕಾಯಿರಿ. ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳು ಹುಟ್ಟುವುದು ನಾಯಿಗಳಲ್ಲಿ ಸಾಧ್ಯ. ಕೂಡಿಸುವ ಮೊದಲೇ ಎರಡೂ ನಾಯಿಗಳ ರಕ್ತವನ್ನು ಬ್ರುಸೆಲ್ಲಾ ರೋಗಕ್ಕಾಗಿ ಪರೀಕ್ಷಿಸಿ. ಗರ್ಭಪಾತ ಮಾಡಿಸುವ ಈ ರೋಗ ಮನುಷ್ಯರಿಗೂ ತಗಲುತ್ತದೆ.

ಈಗ ಚಂಪಿಯ ಕಥೆಗೆ ಮರಳುತ್ತೇನೆ. ಭೋಸರಿಯಿಂದ ಬಂದ ಐದು ವಾರಕ್ಕೆ ಅದರ ಮೊಲೆಗಳು ತುಂಬಿಕೊಂಡವು, ಹಿಂಡಿದರೆ ಹಾಲಿನ ಹನಿ! ನನ್ನ ಹೆಂಡತಿಯ ಹಳೆಯ ಸೀರೆಯೊಂದನ್ನು ಮಂಚದ ಕೆಳಗೆ ಎಳೆದೊಯ್ದು ಗೂಡು ಮಾಡಿಕೊಂಡಿತು. ಮನೆಯಲ್ಲಿ ಸಂಭ್ರಮ. ಬಿಜಾಪುರದ ಭಾವನಿಗೊಂದು, ನಿಗಡಿಯ ಗೆಳೆಯನಿಗೊಂದು ಎಂದು ಹುಟ್ಟದ ಮರಿಗಳನ್ನು ಹಂಚಿಯೂ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ವೈದ್ಯರಿಗೆ ಒಮ್ಮೆ ತೋರಿಸೋಣವೆಂದು ಹೆಂಡತಿ ಎರಡು ಸಲ ಹೇಳಿದಳು. “ಕಣ್ಣಿಗೆ ಕಾಣುವುದಕ್ಕೆ ಕನ್ನಡಿ ಏಕೆ?” ಎಂದುಬಿಟ್ಟೆ. ಏಳನೆಯ ವಾರಕ್ಕೆ ಚಂಪಿ ಊಟ ಬಿಟ್ಟಿತು. ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿತು. ಹೊಟ್ಟೆ ಉಬ್ಬಿತ್ತು. ಮರಿಯ ಭಾರವೆಂದು ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಅದಕ್ಕೆ ಏಳಲಾಗಲಿಲ್ಲ. ವೈದ್ಯರು ಸ್ಕ್ಯಾನ್ ಮಾಡಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಒಂದು ಮರಿಯೂ ಇರಲಿಲ್ಲ. ಗರ್ಭಕೋಶದ ತುಂಬ ಕೀವು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶವನ್ನೇ ತೆಗೆದರು. ಚಂಪಿ ಬದುಕಿತು. ಇನ್ನೊಂದು ದಿನ ತಡವಾಗಿದ್ದರೆ ಈ ಮಾತು ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಆದದ್ದು ಇಷ್ಟು: ನಾಯಿ ಗರ್ಭ ಧರಿಸಲಿ ಬಿಡಲಿ, ಬೆದೆ ಮುಗಿದ ಮೇಲೆ ಎರಡು ತಿಂಗಳು ಅದರ ರಕ್ತದಲ್ಲಿ ಪ್ರೊಜೆಸ್ಟರಾನ್ ಹೆಚ್ಚಾಗಿಯೇ ಇರುತ್ತದೆ. ಅದು ಇಳಿಯತೊಡಗಿದಾಗ ಮೊಲೆ ತುಂಬುವುದು, ಹಾಲು ಬರುವುದು, ಗೂಡು ಕಟ್ಟುವುದು ಎಲ್ಲವೂ ಬಸಿರಿಲ್ಲದೆಯೂ ಆಗಬಹುದು. ಇದಕ್ಕೆ ಸುಳ್ಳು ಗರ್ಭ ಎನ್ನುತ್ತಾರೆ. ಇದೇ ಅವಧಿಯಲ್ಲಿ ಗರ್ಭಕೋಶಕ್ಕೆ ಸೋಂಕು ತಗಲಿದರೆ ಕೀವು ತುಂಬುತ್ತದೆ. ಬೆದೆಯ ನಂತರ ನಾಲ್ಕರಿಂದ ಎಂಟು ವಾರ ಇದರ ಅಪಾಯದ ಕಾಲ. ಬಾಯಾರಿಕೆ, ಊಟ ಬಿಡುವುದು, ವಾಂತಿ, ದುರ್ವಾಸನೆಯ ದ್ರವ ಇವು ಲಕ್ಷಣಗಳು. ಗರ್ಭಕೋಶದ ಬಾಯಿ ಮುಚ್ಚಿದ್ದರೆ ದ್ರವವೂ ಕಾಣದು, ಹೊಟ್ಟೆ ಮಾತ್ರ ಉಬ್ಬುತ್ತದೆ. ಇಪ್ಪತ್ತೆಂಟನೆಯ ದಿನಕ್ಕೇ ಸ್ಕ್ಯಾನ್ ಮಾಡಿಸಿ ಮರಿ ಇಲ್ಲವೆಂದು ತಿಳಿದಿದ್ದರೆ, ಆ ಬಾಯಾರಿಕೆಯನ್ನು ನಾನು ಬಸಿರಿನ ಲಕ್ಷಣವೆಂದು ತಿಳಿಯುತ್ತಿರಲಿಲ್ಲ. ಗರ್ಭ ಖಚಿತಪಡಿಸಿಕೊಳ್ಳುವುದು ಕುತೂಹಲಕ್ಕಲ್ಲ, ನಾಯಿಯ ಜೀವಕ್ಕೆ.

ಖಚಿತಪಡಿಸಿಕೊಳ್ಳುವ ಬಗೆಗಳನ್ನು ನೆನಪಿಡಿ. ನಾಲ್ಕನೆಯ ವಾರದ ಸುಮಾರಿಗೆ ಅನುಭವಿ ವೈದ್ಯರು ಹೊಟ್ಟೆ ಒತ್ತಿ ನೋಡಿದರೆ ಅಡಿಕೆ ಗಾತ್ರದ ಗಂಟುಗಳು ಸಿಗಬಹುದು. ಐದನೆಯ ವಾರದ ನಂತರ ಅವು ಒಂದಕ್ಕೊಂದು ಕೂಡಿಕೊಂಡು ಕೈಗೆ ಸಿಗುವುದು ಕಷ್ಟ. ನೀವೇ ಒತ್ತಿ ನೋಡಬೇಡಿ. ಇಪ್ಪತ್ತೆಂಟನೆಯ ದಿನದ ಹೊತ್ತಿಗೆ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಮರಿಗಳ ಹೃದಯ ಬಡಿಯುವುದೇ ಕಾಣುತ್ತದೆ. ಇದೇ ಅತ್ಯುತ್ತಮ. ಸುಮಾರು ಅದೇ ಸಮಯದಿಂದ ರಕ್ತದಲ್ಲಿ ರಿಲ್ಯಾಕ್ಸಿನ್ ಎಂಬ ಹಾರ್ಮೋನಿನ ಪರೀಕ್ಷೆಯೂ ಸಾಧ್ಯ. ಮರಿಗಳ ಎಣಿಕೆ ಬೇಕಿದ್ದರೆ ಐವತ್ತೈದನೆಯ ದಿನದ ನಂತರ ಒಂದು ಎಕ್ಸ್‌ರೇ ಸಾಕು. ಎಷ್ಟು ಮರಿ ಎಂದು ತಿಳಿದಿದ್ದರೆ ಹೆರಿಗೆಯ ದಿನ ಒಳಗೆ ಒಂದು ಉಳಿದಿದೆಯೋ ಎಂಬ ಸಂಶಯ ಇರದು. ಔಷಧದಂಗಡಿಯಲ್ಲಿ ಹೆಂಗಸರಿಗಾಗಿ ಮಾರುವ ಗರ್ಭಪರೀಕ್ಷೆಯ ಪಟ್ಟಿ ನಾಯಿಗೆ ಉಪಯೋಗವಿಲ್ಲ. ಅದು ಹುಡುಕುವ ಹಾರ್ಮೋನು ನಾಯಿಯ ಬಸಿರಿನಲ್ಲಿ ಹುಟ್ಟುವುದೇ ಇಲ್ಲ. ಪ್ರೊಜೆಸ್ಟರಾನ್ ಕೂಡ ಗರ್ಭವನ್ನು ತೋರಿಸದು, ಕಾರಣ ಮೇಲೆಯೇ ಹೇಳಿದ್ದೇನೆ.

ಅಂಡ ಬಿಡುಗಡೆಯ ದಿನ ಗೊತ್ತಿದ್ದರೆ ಅಲ್ಲಿಂದ 63 ದಿನಕ್ಕೆ, ಒಂದು ದಿನ ಆಚೀಚೆ, ಹೆರಿಗೆ. ಕೂಡಿಸಿದ ದಿನದಿಂದ ಲೆಕ್ಕ ಹಾಕಿದರೆ 57ರಿಂದ 72 ದಿನದವರೆಗೂ ಆಗಬಹುದು. ಆರಂಭದ ರಕ್ತಪರೀಕ್ಷೆಯ ಲಾಭ ಇಲ್ಲಿ ಮತ್ತೊಮ್ಮೆ ಕೈಗೆ ಬರುತ್ತದೆ. ಮೊದಲ ಐದು ವಾರ ಊಟ ಎಂದಿನಷ್ಟೇ ಇರಲಿ, ನಂತರ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ವೈದ್ಯರು ಹೇಳದೆ ಕ್ಯಾಲ್ಸಿಯಂ ಕೊಡಬೇಡಿ. ಬಸಿರಿನಲ್ಲಿ ಹೊರಗಿನಿಂದ ಕೊಟ್ಟರೆ ದೇಹ ತನ್ನ ಎಲುಬಿನಿಂದ ತೆಗೆದುಕೊಳ್ಳುವ ಅಭ್ಯಾಸ ಮರೆತು, ಮರಿ ಹಾಕಿದ ಮೇಲೆ ಸೆಳವು ಬರುವ ಸಂಭವ ಹೆಚ್ಚು.

ಕೊನೆಯದಾಗಿ ಒಂದು ಮಾತು. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ. ಘೋರ್ಪಡೆ ಅರಸರು ಪೋಷಿಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿತು, 2016ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗೆ ಮೀರತ್ತಿಗೆ ಹೋದವು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಆದರೆ ತಳಿಯ ಹೆಮ್ಮೆಯೊಂದೇ ಮರಿ ಹಾಕಿಸಲು ಸಾಕಾದ ಕಾರಣವಲ್ಲ. ಮಾರಾಟಕ್ಕಾಗಿ ನಾಯಿ ಸಾಕುವವರಿಗೆಂದು 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳು ನೋಂದಣಿ ಕಡ್ಡಾಯ ಮಾಡಿವೆ. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮನೆಯಲ್ಲಿ ಸಾಕುವ ನಮಗೂ ಇದು ಒಳ್ಳೆಯ ಅಳತೆಗೋಲು. ಎಂಟು ಮರಿ ಹುಟ್ಟಿದರೆ ಎಂಟು ಒಳ್ಳೆಯ ಮನೆ ಸಿಕ್ಕೀತೇ ಎಂದು ಮೊದಲು ಯೋಚಿಸಿ. ಉತ್ತರ ‘ಇಲ್ಲ’ ಎಂದಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಲೇಸು, ಕೀವಿನ ರೋಗದ ಭಯವೂ ತಪ್ಪುತ್ತದೆ.

ಆಕುರ್ಡಿಯ ಆ ಮಿತ್ರರಿಗೆ ನಾನು ಹೇಳಿದ್ದು ಇಷ್ಟೇ: ಕ್ಯಾಲೆಂಡರಿನಲ್ಲಿ ದಿನ ಬರೆದಿಡಿ, ಆದರೆ ನಿರ್ಧಾರವನ್ನು ನಾಯಿಗೂ ವೈದ್ಯರಿಗೂ ಬಿಡಿ. ಅವರು ಮಾರನೆಯ ದಿನವೇ ರಕ್ತಪರೀಕ್ಷೆ ಮಾಡಿಸಿದರು. ಹನ್ನೊಂದನೆಯ ದಿನ ಅಂಕೆ ಇನ್ನೂ 1ರ ಕೆಳಗೇ ಇತ್ತು! ಹದಿನಾರನೆಯ ದಿನ 5 ದಾಟಿತು, ಹದಿನೆಂಟಕ್ಕೆ ಕೂಡಿಸಿದರು. ಸ್ಕ್ಯಾನಿನ ದಿನ ಇನ್ನೂ ಬಂದಿಲ್ಲ. ಬಂದ ಮೇಲೆ ನಿಮಗೂ ತಿಳಿಸುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಹೆರಿಗೆಯ ಸಿದ್ಧತೆ. ಅಲ್ಲಿಯವರೆಗೆ ನಮಸ್ಕಾರ.