ಬ್ಯಾಳಿ ಯಾವ ಊರಿಂದು?

ಕಲಬುರಗಿ ಕೋಟೆಯ ಹತ್ತಿರ ಒಬ್ಬಾತ ತಳ್ಳುಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆ ಇಟ್ಟುಕೊಂಡು ನಿಂತಿದ್ದ. ಮದುವೆಗೆಂದು ಬೆಂಗಳೂರಿನಿಂದ ಬಂದಿದ್ದ ನಮ್ಮ ಸಂಬಂಧಿಕರ ಹುಡುಗ ಒಂದು ಹಣ್ಣು ಸುಲಿದು ತಿಂದು ಕಣ್ಣರಳಿಸಿದ. ಫ್ರಾನ್ಸಿಗೆ ಹೋಗಿ ದ್ರಾಕ್ಷಿ ತೋಟಗಳನ್ನು ಸುತ್ತಿ, ಊರೂರಿನ ವೈನ್ ರುಚಿ ನೋಡಿ ಬಂದವನು ಅವನು. 'ಅಲ್ಲಿ ಇದಕ್ಕ ಟೆರ್ವಾರ್ ಅಂತಾರ, ಕಾಕಾ. ಎಲ್ಲಾ ಮಣ್ಣಿನ ಮಹಿಮಾ. ಮಣ್ಣು ಛಲೋ ಇದ್ರ ರುಚಿ ತಾನೇ ಬರ್ತದ' ಅಂದ.

ಗಾಡಿಯವನು ಚಿಲ್ಲರೆ ಎಣಿಸುತ್ತ ತಲೆ ಎತ್ತದೆಯೇ ಹೇಳಿದ: 'ತಾನೇ ಬರೂದಿಲ್ರಿ. ಒಂದೂವರಿ ವರ್ಷ ಕಾಯಬೇಕು.'

ನನ್ನ ತಕರಾರೂ ಆ 'ತಾನೇ' ಎಂಬ ಪದದ ಮೇಲೆಯೇ. ಊರಿನ ರುಚಿಯ ಬಗ್ಗೆ ಈಗ ಯಾರು ಮಾತಾಡಿದರೂ ಅದು ಮಣ್ಣಿನ ಸ್ತೋತ್ರವಾಗುತ್ತದೆ. ಜಾಹೀರಾತಿನಲ್ಲಿ, ಮೇಳದ ಫಲಕದಲ್ಲಿ, ಮಂತ್ರಿಗಳ ಭಾಷಣದಲ್ಲಿ ಎಲ್ಲೆಲ್ಲೂ ಮಣ್ಣು. ಮಣ್ಣನ್ನು ಹೊಗಳುವುದರಲ್ಲಿ ಒಂದು ಅನುಕೂಲವಿದೆ: ಅದು ಬೆಲೆ ಕೇಳುವುದಿಲ್ಲ.

ಮಣ್ಣಿಗೆ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ. ಎರೆಗೂ ಮಸಾರಿಗೂ ವ್ಯತ್ಯಾಸ ಗೊತ್ತಿಲ್ಲದವನು ಈ ಸೀಮೆಯಲ್ಲಿ ಬಾಳ್ವೆ ಮಾಡಲಾರ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮುಂದಿಟ್ಟ ಕಾರಣಗಳಲ್ಲಿ ಇಲ್ಲಿನ ನೆಲದ ಸುಣ್ಣದ ಅಂಶವೂ ಒಂದು. ನಮ್ಮವ್ವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪುಂಡಿಪಲ್ಯಕ್ಕೆ ಬೇಳೆ ಬೇಯಲು ಇಟ್ಟು, ಸ್ವಲ್ಪ ಹೊತ್ತಿಗೆ ಸೌಟಿನ ತುದಿಯಲ್ಲಿ ನಾಲ್ಕು ಕಾಳು ಎತ್ತಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಬೆಣ್ಣೆಯಂತೆ ಹರಡಿದರೆ ಸುಮ್ಮನಿರುತ್ತಿದ್ದಳು. ನಡುವೆ ಬಿಳಿ ಚುಕ್ಕೆಯಂಥ ಗಟ್ಟಿ ಉಳಿದರೆ, 'ಇದು ಯಾ ಊರ ಬ್ಯಾಳಿ ತಂದೀಯೋ, ಕುದೀವಲ್ದು' ಎಂದು ಅಪ್ಪನ ಕಡೆ ನೋಡುತ್ತಿದ್ದಳು. ಬೇಳೆ ಬೇಳೆಯೇ, ಎಲ್ಲಿ ಬೆಳೆದರೇನು ಎನ್ನುವವರಿಗೆ ಆ ಹೆಬ್ಬೆರಳಿಗಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಆದರೆ ಹುಡುಗ ಯಾವ ದೇಶದ ಸಾಕ್ಷಿ ಹೇಳಿದನೋ ಆ ದೇಶದ ಕಥೆಯೇ ಅವನಿಗೆ ಎದುರಾಗಿದೆ. ಬೋರ್ದೋ ಸೀಮೆಯ ಮೆದೋಕ್ ಇಂದು ಜಗತ್ತಿನ ಅತಿ ದುಬಾರಿ ವೈನುಗಳ ನೆಲ. ಅದರ ಬಹುಭಾಗ ಹಿಂದೆ ಜೌಗು. 17ನೇ ಶತಮಾನದಲ್ಲಿ ಡಚ್ಚರನ್ನು ಕರೆಸಿ ಕಾಲುವೆ ತೋಡಿಸಿ ನೀರು ಬಸಿದ ಮೇಲೆ ಅಲ್ಲಿನ ಗರಸಿನ ದಿಬ್ಬಗಳು ದ್ರಾಕ್ಷಿಗೆ ಹದವಾಗಿ ಒದಗಿದವು. ಇನ್ನು ಬಳ್ಳಿಯ ವಿಷಯ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಹೇನು ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ತೋಟಗಳನ್ನೇ ನೆಲಸಮ ಮಾಡಿತು. ಕೊನೆಗೆ ಅಮೆರಿಕದ ಬೇರಿಗೆ ಫ್ರೆಂಚ್ ಬಳ್ಳಿ ಕಸಿ ಕಟ್ಟಿ ಬದುಕಿಕೊಂಡರು. ಫ್ರೆಂಚ್ ಮಣ್ಣಿನ ಮಹಿಮೆಯನ್ನು ಇಂದು ಹೀರುತ್ತಿರುವ ಬೇರುಗಳಲ್ಲಿ ಬಹುಪಾಲು ಅಮೆರಿಕದವು! ರೋಜೆ ದಿಯೋನ್ ಎಂಬ ಫ್ರೆಂಚ್ ಭೂಗೋಳ ವಿದ್ವಾಂಸರು 1959ರಲ್ಲೇ ತಮ್ಮ ದೊಡ್ಡ ಗ್ರಂಥದಲ್ಲಿ ಇದೇ ವಾದ ಹೂಡಿದರು: ಒಳ್ಳೆಯ ದ್ರಾಕ್ಷಿ ಸೀಮೆಗಳನ್ನು ಮಾಡಿದ್ದು ನೆಲಕ್ಕಿಂತ ಹೆಚ್ಚಾಗಿ ನದಿ, ಬಂದರು, ಕೊಳ್ಳುವವರು ಮತ್ತು ಹಟಮಾರಿ ಬೆಳೆಗಾರರು.

ಹಟ ಎಂದರೆ ನನಗೆ ಶಾತೋನೆಫ್-ದ್ಯು-ಪಾಪ್ ನೆನಪಾಗುತ್ತದೆ. ಅಲ್ಲಿನ ವೈನ್ ನಾನು ಕುಡಿದಿಲ್ಲ, ಕುಡಿದರೂ ಗುಣ ಹೇಳುವ ನಾಲಿಗೆ ನನ್ನದಲ್ಲ. ರೋನ್ ನದಿಯ ದಂಡೆಯ ಈ ಸಣ್ಣ ಊರಿನ ಹೆಸರಿನಲ್ಲಿ ಯಾರ್ಯಾರೋ ಎಲ್ಲೆಲ್ಲಿಯದೋ ವೈನ್ ಮಾರುತ್ತಿದ್ದರು. 1923ರ ಸುಮಾರಿಗೆ ಊರಿನ ಬೆಳೆಗಾರರು ಬ್ಯಾರನ್ ಲ ರ್ವಾ ಎಂಬ ವಕೀಲಿ ಓದಿದ ಜಮೀನ್ದಾರನ ಮುಂದಾಳುತನದಲ್ಲಿ ಒಟ್ಟಾಗಿ ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಈ ಹೆಸರಿಗೆ ಯಾವ ನೆಲ ಅರ್ಹ? ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ಬೆಳೆಯಬಲ್ಲಷ್ಟು ಒಣ ನೆಲ ಮಾತ್ರ. ನಮ್ಮ ಹಿರಿಯರು ಕಳೆ ನೋಡಿ ಹೊಲದ ಜಾತಿ ಹೇಳುತ್ತಿದ್ದರಲ್ಲ, ಅದೇ ವಿದ್ಯೆ, ಕಾನೂನಿನ ಭಾಷೆಯಲ್ಲಿ. ಯಾವ ತಳಿ ನೆಡಬೇಕು, ವೈನಿನಲ್ಲಿ ಕನಿಷ್ಠ ಎಷ್ಟು ಮದ್ಯಾಂಶ ಇರಬೇಕು, ಕೆಟ್ಟ ಹಣ್ಣನ್ನು ಹೇಗೆ ಆರಿಸಿ ತೆಗೆಯಬೇಕು, ಎಲ್ಲವೂ ಬರಹದಲ್ಲಿ. ಮುಂದೆ 1935ರಲ್ಲಿ ಇಡೀ ಫ್ರಾನ್ಸಿಗೆ ಹೆಸರಿನ ಕಾನೂನು ಬಂದಾಗ ಈ ಊರಿನ ಕಟ್ಟಳೆಯೇ ಮಾದರಿಯಾಯಿತು. 1936ರಲ್ಲಿ ಮಾನ್ಯತೆ ಪಡೆದ ಮೊದಲ ತಂಡದಲ್ಲಿ ಇದೂ ಒಂದು. ಹೆಸರಿನ ಮೇಲೆ ಇವರಿಗಿರುವ ಕಾವಲು ಎಂಥದೆಂದರೆ, 1954ರಲ್ಲಿ ಊರಿನ ಮೇಯರ್ ಹಾರುವ ತಟ್ಟೆಗಳು ಇಲ್ಲಿನ ದ್ರಾಕ್ಷಿ ತೋಟದಲ್ಲಿ ಇಳಿಯಕೂಡದು ಎಂದು ಆದೇಶವನ್ನೇ ಹೊರಡಿಸಿದ. ನಗೆಯಾಟವೇ ಇರಬಹುದು. ಆದರೆ ಬೇರೆ ಲೋಕದವರಿಗೂ ಬೇಲಿ ಹಾಕಿದ ಊರು ಪಕ್ಕದೂರಿನ ವ್ಯಾಪಾರಿಯನ್ನು ಬಿಟ್ಟೀತೇ?

ಅಂದರೆ ಆ ಹುಡುಗ ಕಂಡು ಬಂದ ಚೆಂದದ ಇಳಿಜಾರುಗಳ ಕೆಳಗಿರುವುದು ಬರೀ ಮಣ್ಣಲ್ಲ, ಜಗಳ. 1911ರಲ್ಲಿ ಶಾಂಪೇನ್ ಸೀಮೆಯ ವ್ಯಾಪಾರಿಗಳು ಹೊರಗಿನ ಅಗ್ಗದ ಹಣ್ಣು ತರಿಸಿ ಊರಿನ ಹೆಸರಿನಲ್ಲಿ ಮಾರಿದಾಗ ಬೆಳೆಗಾರರು ನೆಲಮಾಳಿಗೆಗಳಿಗೆ ನುಗ್ಗಿ ವೈನನ್ನು ಮಾರ್ನ್ ನದಿಗೆ ಸುರಿದರು, ದಂಡು ಇಳಿಸಬೇಕಾಯಿತು.

ಊರಿನ ಹೆಸರಿಗೆ ಬೆಳೆಗಾರರ ಕಟ್ಟಳೆಯ ಕಾವಲು ಬೇಕು ಎಂಬ ಈ ಮಾತಿಗೆ ಎದುರು ವಾದಗಳಿವೆ, ಎರಡನ್ನು ನಾನು ಹಗುರಾಗಿ ಕಾಣಲಾರೆ. ಮೊದಲನೆಯದು, ಊರಿನ ಹೆಸರು ಬರೀ ಡೌಲು ಎಂಬುದು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿ ರುಚಿ ನೋಡಿಸಿದಾಗ, ಫ್ರೆಂಚ್ ತೀರ್ಪುಗಾರರೇ ಕೆಂಪು, ಬಿಳಿ ಎರಡರಲ್ಲೂ ಕ್ಯಾಲಿಫೋರ್ನಿಯದ ವೈನಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ಏಟು ನಿಜ. ಆದರೆ ಗೆದ್ದವರು ಮಾಡಿದ್ದೇನು? ಊರಿನ ಹೆಸರು ಬೇಡ ಎಂದರೇ? ಐದೇ ವರ್ಷಕ್ಕೆ, 1981ರಲ್ಲಿ, ನಾಪಾ ಕಣಿವೆಗೆ ಗಡಿ ಹಾಕಿಸಿ ಸರ್ಕಾರಿ ಮಾನ್ಯತೆ ಪಡೆದರು.

ಎರಡನೆಯದು ಹೆಚ್ಚು ತೂಕದ್ದು. ಕಟ್ಟಳೆ ಎಂದರೆ ಉಳ್ಳವನಿಗೆ ಬೇಲಿ, ಇಲ್ಲದವನಿಗೆ ಬೇಡಿ. ಎರಡೆಕರೆ ತೊಗರಿ ಬಿತ್ತುವ ರೈತನಿಗೆ ಇದೇ ತಳಿ, ಇಷ್ಟೇ ಇಳುವರಿ ಎಂದು ಹೇಳುವ ಹಕ್ಕು ಯಾರಿಗಿದೆ? 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ಹೊಲಗಳಲ್ಲಿ ನೆಟೆ ರೋಗ ಬಡಿದು ಕಾಯಿಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದನ್ನು ಕಂಡವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ರೋಗಕ್ಕೆ ತಕ್ಕಂತೆ ತಳಿ ಬದಲಾಗಲೇಬೇಕು. ಮಾರುತಿ ತಳಿ ಬಂದದ್ದು ಹಾಗೆಯೇ, ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಬಂದದ್ದೂ ಹಾಗೆಯೇ. ಇದನ್ನು ನಾನು ಒಪ್ಪುತ್ತೇನೆ. ಹೆಸರು ಉಳಿಸಲು ತಳಿಯನ್ನು ಉಪ್ಪಿನಕಾಯಿ ಹಾಕಿ ಇಡಬೇಕಿಲ್ಲ. ಅಮೆರಿಕದ ಬೇರು ಕಟ್ಟಿಕೊಂಡ ಫ್ರೆಂಚರೇನು ಹೆಸರು ಕಳಕೊಂಡರೇ? ಕಟ್ಟಳೆ ಬೆಳೆಗಾರರು ಕೂತು ಮಾಡಿದ್ದಾದರೆ ಅವರೇ ಕೂತು ತಿದ್ದಬಹುದು. ಮೇಲಿನಿಂದ ಇಳಿದ ಕಟ್ಟಳೆ ಮಾತ್ರ ಬೇಡಿಯಾಗುತ್ತದೆ.

ನಮ್ಮಲ್ಲಿ ಮೇಲಿನಿಂದ ಇಳಿದದ್ದು ಕಟ್ಟಳೆಯೂ ಅಲ್ಲ, ಬರೀ ಮುದ್ರೆ. ಭೌಗೋಳಿಕ ಸೂಚಕದ ಕಾಯ್ದೆ ಆದದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಕಮಲಾಪುರದ ಕೆಂಪು ಬಾಳೆಗೂ ಆ ಮುದ್ರೆ ಬಿದ್ದಿದೆ. ನೋಂದಣಿ ಒಂದು ಸಂಸ್ಥೆಯ ಹೆಸರಿನಲ್ಲಿ ಆಗುತ್ತದೆ. ಹೆಸರು ಬಳಸಬೇಕಾದ ರೈತ ಅಧಿಕೃತ ಬಳಕೆದಾರನೆಂದು ಬೇರೆ ಅರ್ಜಿ ಹಾಕಬೇಕು. ಸಮಾರಂಭಕ್ಕೆ ಹಾರ ತುರಾಯಿ ಎಲ್ಲ ಆದವು. ಗಾಡಿಯವನು ಆ ಮುದ್ರೆಯ ಹೆಸರೇ ಕೇಳಿರಲಿಲ್ಲ.

ತೊಗರಿಯದು ಇನ್ನೂ ಕಗ್ಗಂಟು. ಕಲಬುರಗಿ ತೊಗರಿ ಬೇಳೆ ಎಂದರೆ ಕಲಬುರಗಿಯ ಹೊಲದ್ದೋ, ಕಲಬುರಗಿಯ ಗಿರಣಿಯದ್ದೋ? ತಯಾರಿಸಿದ ಸರಕಾದರೆ ಉತ್ಪಾದನೆ, ಸಂಸ್ಕರಣೆ, ಸಿದ್ಧಪಡಿಸುವುದು, ಈ ಮೂರರಲ್ಲಿ ಒಂದು ಆ ಪ್ರದೇಶದಲ್ಲಿ ನಡೆದರೂ ಸಾಕು ಎನ್ನುವ ಸಡಿಲಿಕೆ ಕಾಯ್ದೆಯಲ್ಲೇ ಇದೆ. ತೊಗರಿ ಫಸಲು, ಸರಿ. ಬೇಳೆ ಏನು? ಇದು ವಕೀಲರ ಚೇಷ್ಟೆಯಲ್ಲ. 2016ರಲ್ಲಿ ನಮ್ಮ ಸರ್ಕಾರ ಮೊಜಾಂಬಿಕ್ ದೇಶದೊಂದಿಗೆ ಒಪ್ಪಂದ ಮಾಡಿಕೊಂಡು, 2020-21ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ ಟನ್ ತೊಗರಿ ತರಿಸುವುದೆಂದು ಒಪ್ಪಿತು. ಮ್ಯಾನ್ಮಾರಿನಿಂದಲೂ ಬರುತ್ತದೆ. ಮೊಜಾಂಬಿಕ್ಕಿನ ಕಾಳು ಇಲ್ಲಿನ ದಾಲ್ ಮಿಲ್ಲಿನಲ್ಲಿ ಒಡೆದರೆ ಅದು ಕಲಬುರಗಿ ಬೇಳೆಯೇ? ಮೊಜಾಂಬಿಕ್ಕಿನ ರೈತನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕಾಳು ಅವನ ಊರಿನ ಹೆಸರಿನಲ್ಲಿ ಮಾರಲಿ. ಇತ್ತ ಗಂಜ್ ಮಾರುಕಟ್ಟೆಗೆ ಬಂದ ನಮ್ಮ ರೈತನಿಗೆ ಕೇಂದ್ರದ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲಿಗೆ 8,000 ರೂಪಾಯಿ. ದೇಶದ ಯಾವ ಮೂಲೆಯ ತೊಗರಿಗೂ ಅದೇ. ಊರಿನ ರುಚಿಗೆಂದು ಆ ದರದಲ್ಲಿ ಒಂದು ಪೈಸೆಯ ಜಾಗವಿಲ್ಲ.

ಮಣ್ಣಿನ ಭಕ್ತರಿಗೆ ಇನ್ನೊಂದು ಪ್ರಶ್ನೆ. ನಮ್ಮ ತೊಗರಿಗೆ ಹೆಸರು ತಂದ ಸುಣ್ಣ ಬಂದದ್ದೆಲ್ಲಿಂದ? ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಎರೆಯ ಕೆಳಗೆ ಹಾಸಿರುವ ಸುಣ್ಣಕಲ್ಲೇ ಸಿಮೆಂಟಿನ ಕಚ್ಚಾಮಾಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲೇ ಸಿಮೆಂಟ್ ಕಾರ್ಖಾನೆ ಇದೆ. ಗಣಿ ಬೇಡವೇ ಬೇಡ ಎನ್ನುವಷ್ಟು ಮುಗ್ಧ ನಾನಲ್ಲ, ನನ್ನ ಮನೆಯೂ ಸಿಮೆಂಟಿನದೇ. ಆದರೆ ಫ್ರಾನ್ಸಿನ ಬರ್ಗಂಡಿ ಸೀಮೆಯ ದ್ರಾಕ್ಷಿ ತೋಟದ ತುಂಡುಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿಸಿತು, ಒಂದೊಂದು ತುಂಡಿಗೂ ಹೆಸರು, ಗಡಿ, ಚರಿತ್ರೆ ಇದೆ ಎಂದು. ನಮ್ಮಲ್ಲಿ ಎಳ್ಳ ಅಮಾವಾಸ್ಯೆಯ ದಿನ ಕಾಯಿ ತುಂಬಿ ನಿಂತ ತೊಗರಿಯ ಸಾಲಿನಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬರುತ್ತಾರೆ. ಆ ಹೊಲಕ್ಕೂ ಮನೆಯವರ ಬಾಯಲ್ಲಿ ಹೆಸರಿದೆ, ಸರ್ಕಾರದ ಕಾಗದದಲ್ಲಿ ಸರ್ವೆ ನಂಬರು ಮಾತ್ರ. ಗಣಿಗೆ ಹೋಗುವಾಗ ಲೆಕ್ಕಕ್ಕೆ ಬರುವುದು ಆ ನಂಬರು.

ಮದುವೆ ಮುಗಿಸಿ ಹೊರಟ ಹುಡುಗನಿಗೆ ಒಂದು ಡಜನ್ ಕೆಂಪು ಬಾಳೆ, ಎರಡು ಕಿಲೋ ಬೇಳೆ ಕಟ್ಟಿಕೊಟ್ಟೆ. ಬೇಳೆಯ ಪೊಟ್ಟಣದ ಮೇಲೆ ಕಲಬುರಗಿ ಎಂದು ದಪ್ಪಕ್ಷರದಲ್ಲಿತ್ತು, ಬೆಲೆ ಇತ್ತು, ತೂಕ ಇತ್ತು, ಪ್ಯಾಕ್ ಮಾಡಿದ ತಿಂಗಳು ಇತ್ತು. ಕಾಳು ಬೆಳೆದ ಊರಿನ ಹೆಸರು ಇರಲಿಲ್ಲ.