ಒಂದು ವರ್ಷದ ಸರ್ಟಿಫಿಕೇಟು, ಮೂರು ವರ್ಷದ ಬೆಲೆ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಹೊರಬಿದ್ದ ಮರುದಿನದಿಂದಲೇ ಬಸ್ಸು ನಿಲ್ದಾಣದ ಗೋಡೆಗಳು ಮಾತಾಡತೊಡಗುತ್ತವೆ. ‘ಒಂದೇ ವರ್ಷದಲ್ಲಿ ನರ್ಸಿಂಗ್’, ‘ನೂರಕ್ಕೆ ನೂರು ಉದ್ಯೋಗ ಖಾತರಿ’, ‘ವಿದೇಶದಲ್ಲೂ ಅವಕಾಶ’. ಬಿಳಿ ಕೋಟು ತೊಟ್ಟು ಸ್ಟೆತಾಸ್ಕೋಪು ತೂಗಿಸಿಕೊಂಡ ಹುಡುಗಿಯ ನಗುಮುಖವಂತೂ ಇದ್ದೇ ಇರುತ್ತದೆ. ಕೋರ್ಸಿನ ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು: ನರ್ಸಿಂಗ್ ಅಸಿಸ್ಟೆಂಟ್, ಹೆಲ್ತ್ ಅಸಿಸ್ಟೆಂಟ್, ಮೆಡಿಕಲ್ ಅಸಿಸ್ಟೆಂಟ್, ಪೇಷೆಂಟ್ ಕೇರ್. ಈ ಹೆಸರುಗಳ ಹಿಂದೆ ಏನಿದೆ ಎಂದು ವಿಚಾರಿಸುವ ವ್ಯವಧಾನ ಹೆತ್ತವರಿಗೂ ಇಲ್ಲ, ಸಮಾಜದ ಮುಖಂಡರಿಗೂ ಇಲ್ಲ.

ನನ್ನ ಪರಿಚಯದ ತಾಯಿಯೊಬ್ಬರು ಕಳೆದ ವರ್ಷ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಮಗಳು ನರ್ಸಾಗುತ್ತಾಳೆ ಅಂದರು ಅಣ್ಣಾ. ಒಂದು ವರ್ಷ ಕಷ್ಟಪಟ್ಟರೆ ಸಾಕು ಅಂದರು. ಕೈಬಳೆ ಅಡವಿಟ್ಟು ಫೀಸು ಕಟ್ಟಿದೆ. ಈಗ ಅವಳು ಆಸ್ಪತ್ರೆಯಲ್ಲಿ ಬೆಡ್‌ಶೀಟು ಬದಲಾಯಿಸುತ್ತಾಳೆ, ನೆಲ ಒರೆಸುತ್ತಾಳೆ.” ನೆಲ ಒರೆಸುವುದು ಕೀಳು ಕೆಲಸವಲ್ಲ. ಆದರೆ ಅದನ್ನು ಕಲಿಯಲು ಯಾವ ತಾಯಿಯೂ ಬಳೆ ಅಡವಿಡಬೇಕಾದ ಅಗತ್ಯವಿಲ್ಲ.

ಮೊದಲು ಕಾನೂನಿನ ಮಾತು. ಈ ದೇಶದಲ್ಲಿ ನರ್ಸ್ ಎನಿಸಿಕೊಳ್ಳಲು ಇರುವ ದಾರಿಗಳು ಸ್ಪಷ್ಟವಾಗಿವೆ. ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇವುಗಳನ್ನು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮುಗಿಸಿದವರ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗುತ್ತದೆ. ಒಂದು ವರ್ಷದ ಸರ್ಟಿಫಿಕೇಟು ಎಷ್ಟೇ ದಪ್ಪ ಕಾಗದದ ಮೇಲೆ ಮುದ್ರಿತವಾಗಿದ್ದರೂ ಆ ನೋಂದಣಿಗೆ ಅರ್ಹವಲ್ಲ. ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿಯಂಥ ವಿಭಾಗಗಳ ಸ್ಥಿತಿಯೂ ಇದೇ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಪ್ರಕಾರ, ಸಹಾಯಕ ಆರೋಗ್ಯ ವೃತ್ತಿಪರರೆನಿಸಲು ಕನಿಷ್ಠ 2,000 ಗಂಟೆಗಳ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಕಲಿಕೆ ಬೇಕು. ಅಂದರೆ ಒಂದು ವರ್ಷದ ಕೋರ್ಸು ಈ ಕಾನೂನಿನ ಹೊಸ್ತಿಲನ್ನೂ ದಾಟುವುದಿಲ್ಲ. ಗೋಡೆಯ ಮೇಲಿನ ‘ನರ್ಸಿಂಗ್’ ಎಂಬ ಪದ ವಂಚನೆಯಲ್ಲದೆ ಬೇರೇನೂ ಅಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಇಂಥ ಕೋರ್ಸಿಗೆ ಸೇರಿದಳು ಎಂದಿಟ್ಟುಕೊಳ್ಳಿ. ಫೀಸು 50 ಸಾವಿರ, ಹಾಸ್ಟೆಲು ಮತ್ತು ಊಟಕ್ಕೆ ತಿಂಗಳಿಗೆ 4 ಸಾವಿರದಂತೆ 48 ಸಾವಿರ, ಸಮವಸ್ತ್ರ, ಪುಸ್ತಕ, ಪ್ರಯಾಣಕ್ಕೆ 12 ಸಾವಿರ. ಒಟ್ಟು 1 ಲಕ್ಷದ 10 ಸಾವಿರ. ಬಳಿಕ ಆರು ತಿಂಗಳು ‘ತರಬೇತಿ’ಯ ಹೆಸರಲ್ಲಿ ಸಂಬಳವಿಲ್ಲದ ದುಡಿಮೆ. ಆ ಅವಧಿಯ ಬಸ್ಸು ಮತ್ತು ಊಟಕ್ಕೆ ತಿಂಗಳಿಗೆ ಎರಡೂವರೆ ಸಾವಿರದಂತೆ 15 ಸಾವಿರ. ಈಗ ಖರ್ಚು 1 ಲಕ್ಷದ 25 ಸಾವಿರ. ನಂತರ ತಿಂಗಳಿಗೆ 9 ಸಾವಿರ ಸಂಬಳ ಸಿಕ್ಕಿತು ಎನ್ನೋಣ. ಅದೇ ಎರಡೂವರೆ ಸಾವಿರ ಕಳೆದರೆ ಉಳಿಯುವುದು ಆರೂವರೆ ಸಾವಿರ. ಹಾಕಿದ ಹಣ ಮರಳಿ ಬರಲು ಸುಮಾರು 20 ತಿಂಗಳು. ಹನ್ನೆರಡು, ಆರು, ಇಪ್ಪತ್ತು ಕೂಡಿಸಿ: 38 ತಿಂಗಳು. ಅಡವಿಟ್ಟ ಚಿನ್ನದ ಬಡ್ಡಿಯನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ. ಈ ಮೂರು ವರ್ಷ ಎರಡು ತಿಂಗಳಲ್ಲಿ ಅವಳು ಜಿಎನ್‌ಎಂ ಮುಗಿಸಿ ನೋಂದಾಯಿತ ನರ್ಸ್ ಆಗಬಹುದಿತ್ತು. ಅದರ ಫೀಸು ಹೆಚ್ಚು, ನಿಜ. ಆದರೆ ಆ ಖರ್ಚಿನ ಕೊನೆಯಲ್ಲಿ ಒಂದು ವೃತ್ತಿಯಿದೆ. ಇಲ್ಲಿ ಏನಿದೆ?

ಅಂಕಿಗಳು ಊರಿಂದೂರಿಗೆ ಬದಲಾಗಬಹುದು. ನಿಮ್ಮೂರಿನ ಅಂಕಿಗಳನ್ನು ನೀವೇ ತುಂಬಿ ನೋಡಿ. ಆದರೆ ಇದಕ್ಕಿಂತಲೂ ಕಟುವಾದ ಪ್ರಶ್ನೆಯೊಂದಿದೆ. ಸರ್ಟಿಫಿಕೇಟಿನ ನಿಜವಾದ ಸಂಪಾದನೆ ಸಿಗುವ 9 ಸಾವಿರ ಪೂರ್ತಿಯಲ್ಲ. ಅದು ಇಲ್ಲದಿದ್ದರೆ ಸಿಗುತ್ತಿದ್ದುದಕ್ಕೂ ಇರುವುದರಿಂದ ಸಿಗುವುದಕ್ಕೂ ನಡುವಿನ ವ್ಯತ್ಯಾಸವಷ್ಟೇ ಅದರ ಸಂಪಾದನೆ. ಯಾವ ಸರ್ಟಿಫಿಕೇಟೂ ಇಲ್ಲದೆ ಅದೇ ಆಸ್ಪತ್ರೆಗೆ ಸಹಾಯಕಿಯಾಗಿ ಸೇರಿದವಳಿಗೆ ಏಳೂವರೆ ಸಾವಿರ ಕೊಡುತ್ತಾರೆಂದಾದರೆ, ಲಕ್ಷಕ್ಕೂ ಮಿಕ್ಕಿದ ಖರ್ಚಿನ ಫಲ ತಿಂಗಳಿಗೆ ಒಂದೂವರೆ ಸಾವಿರ ಮಾತ್ರ. ಹಾಗೆ ಲೆಕ್ಕ ಹಾಕಿದರೆ ಹಣ ಮರಳಲು ಸುಮಾರು ಏಳು ವರ್ಷ ಬೇಕು. ಈ ಲೆಕ್ಕವನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಹಾಗಾದರೆ ಲಾಭ ಯಾರಿಗೆ? ಪ್ರಶ್ನೆ ಇರುವುದು ಇಲ್ಲೇ. ಕೋರ್ಸು ನಡೆಸುವವರು ಮತ್ತು ನರ್ಸಿಂಗ್ ಹೋಮ್ ನಡೆಸುವವರು ಒಬ್ಬರೇ ಆಗಿರುವ ಕಡೆ ನೋಡಿ. ಬೆಳಗ್ಗೆ ಒಂದು ಗಂಟೆ ಪಾಠ, ಉಳಿದ ಹೊತ್ತು ವಾರ್ಡು. ಕೆಲಸ ಮಾಡಿಸಿಕೊಂಡವರು ಕೆಲಸ ಮಾಡಿದವರಿಗೆ ಹಣ ಕೊಡುವುದು ಲೋಕದ ರೂಢಿ. ಇಲ್ಲಿ ಕೆಲಸ ಮಾಡಿದವಳೇ ಹಣ ಕೊಡುತ್ತಾಳೆ! ಒಂದು ತಂಡ ಹೊರಹೋಗುವಾಗ ಇನ್ನೊಂದು ತಂಡ ಒಳಬರುತ್ತದೆ. ‘ತರಬೇತಿಯಲ್ಲಿದ್ದಾರೆ’ ಎಂಬ ಒಂದು ಮಾತಿನಿಂದ ಕನಿಷ್ಠ ವೇತನದ ಕಾನೂನು, ಭವಿಷ್ಯನಿಧಿ, ಇಎಸ್‌ಐ ಎಲ್ಲವನ್ನೂ ಬದಿಗೆ ಸರಿಸಲಾಗುತ್ತದೆ. ಅಲ್ಲಿ ಅರೆಕಲಿತ ಕೈಯಿಂದ ಡ್ರಿಪ್ ಹಾಕಿಸಿಕೊಳ್ಳುವ ರೋಗಿಯ ಪಾಡೇನು? ಅನಾಹುತವಾದರೆ ಹೊಣೆ ಹೊರುವವರು ಯಾರು? ಮಾಲೀಕರಂತೂ ಅಲ್ಲ. ಬೆರಳು ಮೊದಲು ತೋರುವುದು ಆ ಹತ್ತೊಂಬತ್ತರ ಹುಡುಗಿಯ ಕಡೆಗೇ.

ಇದು ನಮ್ಮಲ್ಲಿ ಮಾತ್ರ ನಡೆಯುವ ಆಟವೆಂದು ಭಾವಿಸಬೇಕಾಗಿಲ್ಲ. ಅಮೇರಿಕದಲ್ಲಿ ಕೊರಿಂಥಿಯನ್ ಕಾಲೇಜಸ್ ಎಂಬ ಲಾಭಕೋರ ಶಿಕ್ಷಣ ಕಂಪೆನಿ ಮೆಡಿಕಲ್ ಅಸಿಸ್ಟೆಂಟ್‌ನಂಥ ಕೋರ್ಸುಗಳನ್ನು ಬಡ ಕುಟುಂಬಗಳಿಗೆ ಮಾರುತ್ತಿತ್ತು. ಉದ್ಯೋಗ ಸಿಕ್ಕವರ ಪ್ರಮಾಣವನ್ನು ಉಬ್ಬಿಸಿ ತೋರಿಸಿದ ಆರೋಪದ ಮೇಲೆ 2015ರ ಎಪ್ರಿಲ್‌ನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಅದರ ಅಂಗಸಂಸ್ಥೆಗೆ ಸುಮಾರು 3 ಕೋಟಿ ಡಾಲರ್ ದಂಡ ವಿಧಿಸಿತು. ಅದೇ ತಿಂಗಳು ಕಂಪೆನಿ ಬಾಗಿಲು ಮುಚ್ಚಿತು. 2022ರ ಜೂನ್‌ನಲ್ಲಿ ಸುಮಾರು 5 ಲಕ್ಷ 60 ಸಾವಿರ ವಿದ್ಯಾರ್ಥಿಗಳ 580 ಕೋಟಿ ಡಾಲರ್ ಸಾಲವನ್ನು ಸರಕಾರವೇ ಮನ್ನಾ ಮಾಡಬೇಕಾಯಿತು. ಅಲ್ಲಿ ಸಾಲ ಸರಕಾರದ್ದಾಗಿತ್ತು, ಆದ್ದರಿಂದ ಮನ್ನಾ ಸಾಧ್ಯವಾಯಿತು. ನಮ್ಮ ತಾಯಂದಿರ ಬಳೆಯ ಸಾಲವನ್ನು ಮನ್ನಾ ಮಾಡುವವರು ಯಾರು?

“ಮೂರು ವರ್ಷ ಕಾಯುವ ಶಕ್ತಿ ಬಡವರಿಗೆ ಎಲ್ಲಿದೆ? ಖಾಲಿ ಕೂರುವುದಕ್ಕಿಂತ ಇದು ವಾಸಿಯಲ್ಲವೇ?” ಎಂದು ಕೇಳುವವರಿದ್ದಾರೆ. ಕಡೆಗಣಿಸುವ ಪ್ರಶ್ನೆಯಲ್ಲ ಇದು. ಆದರೆ ಕಾಯಲಾಗದ ಬಡತನಕ್ಕೆ ಲಕ್ಷ ರೂಪಾಯಿಯ ಫೀಸು ಔಷಧಿಯಾಗುವುದು ಹೇಗೆ? ಬೇಗನೆ ದುಡಿಮೆ ಬೇಕೆನ್ನುವವರಿಗೆ, ರೋಗಿಯ ಆರೈಕೆಯ ಇದೇ ಕೆಲಸವನ್ನು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಹೆಸರಲ್ಲಿ ಕೆಲವೇ ತಿಂಗಳಲ್ಲಿ ಕಲಿಸುವ ಸರಕಾರಿ ಕೌಶಲ ತರಬೇತಿಗಳಿವೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ತರಬೇತಿಗೆ ಅಭ್ಯರ್ಥಿ ಹಣ ಕಟ್ಟಬೇಕಾಗಿಲ್ಲ. ಎಸ್ಸೆಸ್ಸೆಲ್ಸಿಯಷ್ಟೇ ಆದವಳಿಗೆ ಸರಕಾರಿ ಪದವಿಪೂರ್ವ ಕಾಲೇಜಿನ ಎರಡು ವರ್ಷಗಳ ಒಟ್ಟು ಖರ್ಚು ಈ ಒಂದು ವರ್ಷದ ಫೀಸಿಗಿಂತ ಎಷ್ಟೋ ಕಡಿಮೆ. ಆ ಎರಡು ವರ್ಷ ಮುಂದಿನ ಬಾಗಿಲುಗಳನ್ನು ತೆರೆಯುತ್ತದೆ. ಈ ಒಂದು ವರ್ಷ ಅವುಗಳನ್ನು ಮುಚ್ಚುತ್ತದೆ.

ಬಾಗಿಲುಗಳೆಂದರೆ ಬರೇ ಅಲಂಕಾರದ ಮಾತಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ದಯನೀಯ ಸ್ಥಿತಿಯ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶವಿತ್ತ ಬಳಿಕ ಕೇಂದ್ರ ಸರಕಾರ ರಚಿಸಿದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ನರ್ಸ್‌ಗೆ 20 ಸಾವಿರಕ್ಕೆ ಕಡಿಮೆಯಿಲ್ಲದ ಸಂಬಳವಿರಬೇಕೆಂದು ಶಿಫಾರಸು ಮಾಡಿತು. ಕೇರಳದ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಫಲವಾಗಿ 2018ರಲ್ಲಿ ಅಲ್ಲಿನ ಸರಕಾರ ಅದನ್ನು ಕನಿಷ್ಠ ವೇತನವಾಗಿ ಘೋಷಿಸಿತು. ಆ ನರ್ಸ್‌ಗಳ ಕೈಯಲ್ಲಿ ನೋಂದಣಿ ಸಂಖ್ಯೆಯಿತ್ತು, ಆದ್ದರಿಂದ ಹಕ್ಕು ಕೇಳುವ ಧ್ವನಿಯಿತ್ತು. ಗಲ್ಫಿನ ಆಸ್ಪತ್ರೆಗಳು ನರ್ಸ್‌ಗಳಿಂದ ಮೊದಲು ಕೇಳುವುದೂ ಅದನ್ನೇ. ಒಂದು ವರ್ಷದ ಸರ್ಟಿಫಿಕೇಟಿನವಳು ಯಾವ ಸಂಖ್ಯೆ ತೋರಿಸಲಿ?

ಆದ್ದರಿಂದ ಹೆತ್ತವರು ಫೀಸು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಈ ಕೋರ್ಸಿಗೆ ಮಾನ್ಯತೆ ಕೊಟ್ಟವರು ಯಾರು, ಆ ಪತ್ರ ಎಲ್ಲಿ? ಮುಗಿಸಿದವರ ಹೆಸರು ಯಾವ ಕೌನ್ಸಿಲ್‌ನಲ್ಲಿ ನೋಂದಣಿಯಾಗುತ್ತದೆ? ಕಳೆದ ವರ್ಷ ಕಲಿತವರು ಇಂದು ಎಲ್ಲಿದ್ದಾರೆ, ಎಷ್ಟು ಸಂಬಳ? ತರಬೇತಿಯ ಅವಧಿಗೆ ಹಣ ಕೊಡುತ್ತಾರೆಯೇ? ಅರ್ಧದಲ್ಲಿ ಬಿಟ್ಟರೆ ಮೂಲ ಅಂಕಪಟ್ಟಿ ಮರಳಿಸುತ್ತಾರೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಲಿಖಿತವಾಗಿ ಬೇಕು. ಬರೆದುಕೊಡಲು ಹಿಂಜರಿಯುವ ಸಂಸ್ಥೆಯ ಮೆಟ್ಟಿಲನ್ನು ಕೂಡಲೇ ಇಳಿಯಬೇಕು.

ಪ್ರಶ್ನೆ ಹೆತ್ತವರಿಗೆ ಮಾತ್ರವಲ್ಲ. ಇಂಥ ಸಂಸ್ಥೆಗಳ ಉದ್ಘಾಟನೆಗೆ ಹೋಗಿ ರಿಬ್ಬನ್ ಕತ್ತರಿಸುವವರು, ವೇದಿಕೆಯಲ್ಲಿ ‘ಹೆಣ್ಣು ಮಕ್ಕಳ ಸಬಲೀಕರಣ’ವೆಂದು ಭಾಷಣ ಬಿಗಿಯುವವರು, ವಿಚಾರಿಸದೆ ವಿದ್ಯಾರ್ಥಿವೇತನ ಹಂಚುವ ಸಂಘಸಂಸ್ಥೆಗಳು ಕೂಡಾ ಉತ್ತರ ಕೊಡಬೇಕು. ಹತ್ತು ಮಂದಿಗೆ ಹತ್ತು ಸಾವಿರದಂತೆ ಹಂಚಿ ಫೋಟೋ ತೆಗೆಸಿಕೊಳ್ಳುವ ಬದಲು ಇಬ್ಬರನ್ನು ಜಿಎನ್‌ಎಂ ಮುಗಿಯುವವರೆಗೆ ಕೈಹಿಡಿದು ನಡೆಸಿದರೆ ಎರಡು ಕುಟುಂಬಗಳು ಶಾಶ್ವತವಾಗಿ ಎದ್ದು ನಿಲ್ಲುತ್ತವೆ. ಆರೋಗ್ಯ ಇಲಾಖೆಗಂತೂ ಗೋಡೆಬರಹ ಓದಲು ವಿಶೇಷ ತನಿಖಾ ದಳ ಬೇಕಾಗಿಲ್ಲ. ಮಾನ್ಯತೆಯಿಲ್ಲದೆ ‘ನರ್ಸಿಂಗ್’ ಎಂಬ ಪದ ಬಳಸುವ ಪ್ರತಿಯೊಂದು ಫಲಕವನ್ನೂ ಕೆಳಗಿಳಿಸುವ ಇಚ್ಛಾಶಕ್ತಿಯೊಂದಿದ್ದರೆ ಸಾಕು.

ಮುಂದಿನ ಫಲಿತಾಂಶ ಬಂದೇ ಬರುತ್ತದೆ. ಗೋಡೆಗಳು ಮತ್ತೆ ಮಾತಾಡುತ್ತವೆ. ಅಷ್ಟರೊಳಗೆ ನಾವೂ ಮಾತಾಡಲು ಕಲಿತಿರಬೇಕಲ್ಲವೇ?